ಭಾವನಿಗೆ ವಾಸಿಯಾದ ಮೇಲೆ

ಹಲ್ಲಿಲ್ಲದವರಿಗೆ ಹಲ್ಲು ಕಟ್ಟಿಕೊಡುವುದು ಅವನ ಕಸುಬು. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಕಲಸಿ ಹೊಯ್ದು, ಅದು ಗಟ್ಟಿಯಾದ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತಿದ್ದ. ಊರಿನ ಅರ್ಧ ಮುದುಕರು ನಗುತ್ತಿದ್ದುದು ಅವನ ಹಲ್ಲಿನಿಂದ. ಸೊಸೆಯಂದಿರ ಮೇಲೆ ಹಲ್ಲು ಮಸೆಯುತ್ತಿದ್ದುದೂ ಅವನ ಹಲ್ಲಿನಿಂದಲೇ. ಇಷ್ಟು ತಾಳ್ಮೆಯ ಮನುಷ್ಯ ಫೋನು ಹಿಡಿದರೆ ಮಾತ್ರ ಹೆಬ್ಬೆರಳು ಅವನ ಮಾತು ಕೇಳುತ್ತಿರಲಿಲ್ಲ, ಕಂಡದ್ದನ್ನೆಲ್ಲ ತರಿಸುತ್ತಿತ್ತು. ತಲೆಗೆ ಕಟ್ಟಿಕೊಳ್ಳುವ ಟಾರ್ಚು, ಪಾದ ಒತ್ತುವ ಯಂತ್ರ, ಈಜು ಬಾರದವನಿಗೆ ಈಜುವ ಕನ್ನಡಕ. ತರಿಸುವುದೇ ಸುಖ, ಬಿಚ್ಚುವುದಲ್ಲ. ಡಬ್ಬ ಕೈಗೆ ಬಂದರೆ ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಿದ್ದ. ಅಲ್ಲಿಗೆ ಜನ್ಮ ಸಾರ್ಥಕ. ಆಮೇಲೆ ಅದು ಮಹಡಿಯ ಕೋಣೆ ಸೇರಿ, ತನ್ನಂಥ ನೂರಾರು ಡಬ್ಬಗಳ ಸಂಸಾರದಲ್ಲಿ ಒಂದಾಗುತ್ತಿತ್ತು.

ಹೆಂಡತಿ ದೊಡ್ಡ ಆಸ್ಪತ್ರೆಯೊಂದರ ಉಗ್ರಾಣದವಳು. ಸಹಿ ಇಲ್ಲದೆ ಒಂದು ಎಳೆ ಹತ್ತಿಯನ್ನೂ ಹೊರಗೆ ಬಿಡದವಳು. ಒಂದು ದಿನ ಅವಳು ಗಂಡನ ಬ್ಯಾಂಕ್ ಕಾರ್ಡು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ವಾರದ ಕೂಲಿ ಅವನ ಕೈಗೇ ಬರುತ್ತಿತ್ತು. ಅದನ್ನೂ ಕಿತ್ತುಕೊಂಡರೆ ಬಸವನಂಥ ಗಂಡಸೂ ಗೂಳಿಯಾಗುತ್ತಾನೆಂಬುದು ಅವಳಿಗೆ ಗೊತ್ತಿತ್ತು. ಆದ್ದರಿಂದ, ಏನಾದರೂ ಬೇಕಿದ್ದರೆ ತನ್ನ ತಮ್ಮನಿಗೆ ಹೇಳಿ ದುಡ್ಡು ಕೊಡಬೇಕು, ಅವನು ತರಿಸಿಕೊಡುತ್ತಾನೆ ಎಂದು ಕಟ್ಟಳೆ ಮಾಡಿದಳು. ಈ ತಮ್ಮ ಕೆಲಸ ಹುಡುಕುವುದನ್ನೇ ಕೆಲಸ ಮಾಡಿಕೊಂಡು ಅಕ್ಕನ ಮನೆಯಲ್ಲಿ ಬೀಡುಬಿಟ್ಟಿದ್ದ.

"ಅಕ್ಕಾ, ಭಾವ ಟಾರ್ಚು ಕೇಳ್ತಿದ್ದಾರೆ."

"ಮೇಲೆ ಮೂರು ಬಿದ್ದಿದೆಯಲ್ಲೋ."

"ಅದೇ ನಾನೂ ಹೇಳ್ತಿರೋದು. ಒಂದಕ್ಕೆ ಹೊಸ ಕಾಗದ ಸುತ್ತಿ ತಂದುಕೊಟ್ರೆ?"

"ಗೊತ್ತಾಗಲ್ವೇನೋ?"

"ಬಿಚ್ಚಿದ್ರೆ ತಾನೇ ಗೊತ್ತಾಗೋದು!"

ಗಂಡ ಬಿಚ್ಚಲಿಲ್ಲ. ಅಲ್ಲಾಡಿಸಿ, ಕಣ್ಣರಳಿಸಿ, ಮೇಲಕ್ಕೆ ಒಯ್ದ. ಕೊಟ್ಟ ದುಡ್ಡು ಅಕ್ಕನ ಕೈ ಸೇರಿತು. ಬಾಗಿಲವರೆಗೆ ಹೊತ್ತು ತಂದು ಗಂಟೆ ಬಾರಿಸಿದ್ದಕ್ಕೆ ತಮ್ಮನಿಗೂ ಒಂದು ಪಾಲು. ಮನೆಯ ಸರಕು ಮನೆಯಲ್ಲೇ, ಮನೆಯ ದುಡ್ಡು ಮನೆಯಲ್ಲೇ. ಇದರಲ್ಲಿ ಮೋಸ ಎಲ್ಲಿ ಬಂತು ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರಕ್ಕೆ ಕಾಯಲಿಲ್ಲ. ಡಬ್ಬಗಳು ಮಹಡಿಯಿಂದ ಇಳಿದು ಬೀದಿ ಸುತ್ತಿ ಮತ್ತೆ ಮಹಡಿ ಏರತೊಡಗಿದವು. ಪಾದ ಒತ್ತುವ ಯಂತ್ರವನ್ನಂತೂ ಅವನು ಅಷ್ಟೇ ಪ್ರೀತಿಯಿಂದ ನಾಲ್ಕು ಸಲ ಕೊಂಡ.

ಹೀಗೆ ಕೂಡಿದ ದುಡ್ಡಿನಿಂದ ಹೊಸ ಅಡುಗೆಮನೆ ಶುರುವಾಯಿತು. ಬಡಗಿ ಬಂದು ಅಳತೆ ತೆಗೆದುಕೊಂಡ. ಬಾಗಿಲುಗಳಿಗೆ ತಿಳಿಹಸಿರು ಬಣ್ಣ, ಮೂಲೆಯಲ್ಲಿ ತಿರುಗುವ ಕಪಾಟು. "ಆಸ್ಪತ್ರೆಯಲ್ಲಿ ಬೋನಸ್ಸು ಬಂತು ರೀ," ಎಂದಳು. ಗಂಡ ಹೆಮ್ಮೆಪಟ್ಟ.

ಅರ್ಧ ಕೆಲಸ ಆಗಿರುವಾಗ ಆಗಬಾರದ್ದು ಆಯಿತು. ಗಂಡನಿಗೆ ವಾಸಿಯಾಯಿತು.

ಅದನ್ನು ಅವನೇ ಊಟಕ್ಕೆ ಕೂತಾಗ ಹೇಳಿದ. "ಪ್ಲಾಸ್ಟರ್ ಹೊಯ್ದ ತಕ್ಷಣ ಮುಟ್ಟಬಾರದು, ಮುಟ್ಟಿದ್ರೆ ಕೆಡುತ್ತೆ. ಆಸೇನೂ ಹಾಗೇ ಕಣೇ. ಏನಾದ್ರೂ ತರಿಸಬೇಕು ಅನ್ನಿಸ್ತಾ, ಒಂದು ಬಟ್ಟಲು ಪ್ಲಾಸ್ಟರ್ ಕಲಸಿಡ್ತೀನಿ. ಅದು ಗಟ್ಟಿಯಾಗೋ ತನಕ ಬಾಯಿ ಬಿಡಬಾರದು ಅಂತ ನಿಯಮ. ಅಷ್ಟರಲ್ಲಿ ಆಸೆ ಇಳಿದುಹೋಗಿರುತ್ತೆ."

ಹಲ್ಲು ಕಟ್ಟುವ ಲ್ಯಾಬಿನಲ್ಲಿ ಅವನ ಮೇಜಿನ ಮೇಲೆ ಬಟ್ಟಲಿನಾಕಾರದ ಬಿಳಿ ಗಟ್ಟಿಗಳು ಸಾಲಾಗಿ ಕೂತಿದ್ದವು. "ಇದ್ಯಾರ ಬಾಯಿ ಗುರುವೇ?" ಎಂದು ಜೊತೆಯವರು ಗೇಲಿ ಮಾಡಿದರೆ, "ನಂದೇ ಕಣಯ್ಯ, ಮುಚ್ಚಿರೋದು," ಎನ್ನುತ್ತಿದ್ದ.

"ಒಳ್ಳೇದಾಯ್ತಲ್ಲ," ಎಂದಳು ಹೆಂಡತಿ. ಅವಳ ತಮ್ಮ ಇನ್ನೊಂದು ಸೌಟು ಸಾರು ಬಡಿಸಿಕೊಂಡ.

"ಕಾರ್ಡು ಕೊಡು, ಇನ್ನು ಭಯ ಇಲ್ಲ. ಕೂಲೀನೆಲ್ಲ ಬ್ಯಾಂಕಿಗೆ ಹಾಕ್ತೀನಿ. ಒಂದು ಸಣ್ಣ ಲ್ಯಾಬು, ಸ್ವಂತದ್ದು. ಹದಿನೆಂಟು ವರ್ಷ ಬೇರೆಯವರ ಬೋರ್ಡಿನ ಕೆಳಗೆ ಹಲ್ಲು ಕಟ್ಟಿದ್ದು ಸಾಕು. ಅಂಗಡಿಕೋಣೆ ನೋಡಿಟ್ಟಿದ್ದೀನಿ. ಅದರ ಯಜಮಾನರು ವರ್ಷದ ಕೊನೆವರೆಗೆ ಕಾಯ್ತಾರಂತೆ."

ಕೊಡುವುದಿಲ್ಲ ಎನ್ನಲು ಯಾವ ಬಾಯಿ? ಬೀರು ತೆಗೆದು ಕೊಟ್ಟಳು.

ಮಹಡಿಯ ಡಬ್ಬಗಳು ತಣ್ಣಗೆ ಕೂತವು. ಬಡಗಿ ಬಾಕಿ ಕೇಳಿದ. ಮುಂದಿನ ವಾರ ಎಂದಳು. ಮುಂದಿನ ವಾರವೂ ಬಂದ. ಬೋನಸ್ಸಿಗೆ ಇನ್ನೊಂದು ಬೋನಸ್ಸು ಹುಟ್ಟುವುದಿಲ್ಲ. ಗಂಡನನ್ನು ಕೇಳೋಣವೆಂದರೆ ಮೊದಲಿನ ದುಡ್ಡಿನ ಜಾತಕ ಬಿಚ್ಚಬೇಕು.

"ಭಾವನಿಗೆ ವಾಸಿಯಾಗಿದ್ದು ನಮಗೆ ಬಂದ ಕಾಯಿಲೆ ಕಣಕ್ಕಾ," ಎಂದ ತಮ್ಮ.

"ಮುಚ್ಚೋ ಬಾಯಿ," ಎಂದಳು. ಆದರೆ ಆ ಸಂಜೆ ಗಂಡನಿಗೆ ಕಾಫಿ ಕೊಡುತ್ತ, ಬೆಣ್ಣೆಯಂಥ ದನಿಯಲ್ಲಿ, "ಪಾಪ, ಎಷ್ಟಂತ ಮನಸ್ಸು ಬಿಗಿಹಿಡೀತೀರಿ? ಯಾವುದೋ ಒಂದು ಟಾರ್ಚು ತರಿಸ್ಕೊಂಡ್ರೆ ಆಕಾಶ ಕಳಚಿಬೀಳುತ್ತಾ? ನೀವು ಖುಷಿಯಾಗಿರಬೇಕಪ್ಪ ನನಗೆ," ಎಂದಳು.

ಅವನ ಮುಖ ಕಪ್ಪಿಟ್ಟಿತು. "ಬೇಡ ಕಣೇ. ನನ್ನ ಮುಂದೆ ಆ ಸುದ್ದಿ ಎತ್ತಬೇಡ. ಹೊರಗಡೆ ಎಲ್ಲಾ ಕಡೆ ತಡ್ಕೊಂಡು ಬರ್ತೀನಿ, ಮನೇಲಿ ನೀನು ಹೇಳಿದ್ರೆ ತಡ್ಕೊಳೋಕಾಗಲ್ಲ. ಕೈಮುಗೀತೀನಿ." ನಿಜವಾಗಿಯೂ ಕೈಮುಗಿದ.

ಉಗ್ರಾಣದವಳಿಗೆ ಯಾವ ಬೀಗ ಸಡಿಲವೆಂದು ಹೇಳಿಕೊಡಬೇಕಾಗಿಲ್ಲ.

ಅಂದಿನಿಂದ ಊಟದ ಮೇಜಿನಲ್ಲಿ ಪಾರಾಯಣ ಆರಂಭವಾಯಿತು. "ಭಾವ, ಇಲ್ನೋಡಿ, ಅಂಗೈಯಗಲದ ಹೊಲಿಗೆ ಮೆಷಿನ್ನು. ಅರ್ಧ ಬೆಲೆ. ಎರಡೇ ಉಳಿದಿರೋದಂತೆ!" ಅಕ್ಕ ಪಕ್ಕವಾದ್ಯ ನುಡಿಸುವಳು: "ಎರಡೇನಾ? ಅಯ್ಯೋ, ಈಗ ಒಂದಾಗಿರುತ್ತೆ ಬಿಡು."

ಮೊದಮೊದಲು ಅವನು ತಟ್ಟೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದ. ಹೇಳುವವರು ಅಲ್ಲಿಗೂ ಬಂದರು. ಆಮೇಲೆ ಒಂದು ದಿನ ಲ್ಯಾಬಿನಿಂದ ಪ್ಲಾಸ್ಟರ್ ಪುಡಿಯ ಪೊಟ್ಟಣ ತಂದ. ತಮ್ಮ ಫೋನು ತೆಗೆಯುತ್ತಿದ್ದಂತೆ, ಊಟ ಬಿಟ್ಟು ಎದ್ದು, ಒಂದು ಬಟ್ಟಲಿಗೆ ಪುಡಿ ಸುರಿದು ನೀರು ಬೆರೆಸಿ ಕಲಸತೊಡಗಿದ.

"ಅಕ್ಕಾ, ಭಾವ ಮದ್ದು ಅರೀತಿದ್ದಾರೆ!" ತಮ್ಮ ಬಿದ್ದು ಬಿದ್ದು ನಕ್ಕ.

ಅವನು ಬಟ್ಟಲನ್ನು ಮುಂದಿಟ್ಟುಕೊಂಡು, ತುಟಿ ಬಿಗಿದು, ಅದನ್ನೇ ನೋಡುತ್ತ ಕೂತ. ಮಗು ಅಳು ತಡೆದುಕೊಂಡಂತೆ ಗಲ್ಲ ಅದುರುತ್ತಿತ್ತು. ತಮ್ಮ ಬೆಲೆ ಓದುತ್ತಲೇ ಇದ್ದ. ಬಿಳಿಯ ಹಿಟ್ಟು ಇನ್ನೂ ಹೊಳೆಯುತ್ತಿತ್ತು, ಇನ್ನೂ ಹಸಿ. ಹೆಂಡತಿ ಬಂದು ಬಟ್ಟಲೆತ್ತಿಕೊಂಡಳು.

"ಒಳ್ಳೆ ಬಟ್ಟಲು ರೀ, ಹಾಳಾಗುತ್ತೆ," ಎಂದು ಹಿತ್ತಲಿಗೆ ಒಯ್ದು ಚೆಲ್ಲಿ, ತೊಳೆದು, ಒರೆಸಿ, ಕವುಚಿಟ್ಟಳು.

ಅವನು ಎದ್ದು ಕೈತೊಳೆದುಕೊಂಡ.

ಮರುದಿನ ಗಂಡನ ಮುಖದಲ್ಲಿ ಹಳೆಯ ಕಳೆ ಬಂದಿತ್ತು. ಅಕ್ಕತಮ್ಮ ಕಣ್ಣಲ್ಲೇ ಮಾತಾಡಿಕೊಂಡರು. ತಮ್ಮ ಮಹಡಿಗೆ ಹೋಗಿ ಕಾಗದ, ಅಂಟುಪಟ್ಟಿ, ಕತ್ತರಿ ಅಣಿಮಾಡಿಕೊಂಡು ಭಾವನ ಕರೆಗೆ ಕಾದ. ಭಾವ ಕರೆಯಲಿಲ್ಲ. ಬದಲಿಗೆ ಬಾಗಿಲ ಗಂಟೆ ಕೇಳಿಸಿತು.

ಬಾರಿಸಬೇಕಾದ ತಮ್ಮ ಒಳಗೇ ಕೂತಿದ್ದ. ಹೆಂಡತಿ ಬಾಗಿಲು ತೆಗೆದರೆ, ಗುರುತಿಲ್ಲದವನೊಬ್ಬ ಮೂರು ಡಬ್ಬ ಹಿಡಿದು ನಿಂತಿದ್ದ. ಆಗ ಅವಳಿಗೆ ಕಾರ್ಡು ನೆನಪಾಯಿತು. ಒಂದೊಂದು ರೋಲು ಬ್ಯಾಂಡೇಜಿಗೂ ಲೆಕ್ಕ ಇಟ್ಟವಳು, ತಾನೇ ಬೀಗ ತೆಗೆದು ಕೊಟ್ಟದ್ದನ್ನು ಮರೆತಿದ್ದಳು.

ಸಂಜೆ ಇನ್ನೆರಡು ಬಂದವು. "ರೀ, ಇದೆಲ್ಲ ಬೇಡ, ಸಾಕು," ಎಂದು ಅಂಗಲಾಚಿದಳು.

"ನಾನು ಖುಷಿಯಾಗಿರಬೇಕು ಅಂದವಳು ನೀನೇ ಅಲ್ವೇನೇ?" ಎಂದ ಅವನು, ವ್ಯಂಗ್ಯದ ಸುಳಿವೂ ಇಲ್ಲದೆ, ಡಬ್ಬವನ್ನು ಕಿವಿಗೆ ಹಿಡಿದು.

ಕಾರ್ಡು ಕೇಳಿದಳು, ಕೊಡಲಿಲ್ಲ. ಸ್ವಂತ ಲ್ಯಾಬಿಗೆಂದು ಬ್ಯಾಂಕಿನಲ್ಲಿ ಇಟ್ಟದ್ದೆಲ್ಲ ಡಬ್ಬ ಡಬ್ಬವಾಗಿ ಮನೆಗೆ ಬಂತು. ಮಹಡಿ ತುಂಬಿ ಮೆಟ್ಟಿಲಿಗೆ ಇಳಿಯಿತು. ವರ್ಷದ ಕೊನೆಗೆ ಅಂಗಡಿಕೋಣೆಯ ಯಜಮಾನರು ಅದನ್ನು ಬೇರೆಯವರಿಗೆ ಕೊಟ್ಟರು. ಸುದ್ದಿ ಕೇಳಿ ಅವನು "ಓಹೋ" ಎಂದ, ಫೋನಿನಿಂದ ಕಣ್ಣು ಕೀಳದೆ.

ಕೊನೆಗೆ ಬಡಗಿಯ ತಾಳ್ಮೆಯೂ ಮುಗಿಯಿತು. "ಅಮ್ಮಾವ್ರೆ, ಬೇಜಾರು ಮಾಡ್ಕೋಬೇಡಿ, ಈ ಅಳತೆಗೆ ಬೇರೆ ಗಿರಾಕಿ ಸಿಕ್ಕಿದ್ದಾರೆ," ಎಂದು ಬಂದು ತಿಳಿಹಸಿರು ಬಾಗಿಲುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಅವಳು ಪಾತ್ರೆಗಳನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಬಡಗಿಯ ಕೈಯಲ್ಲಿ ಬ್ಯಾಟರಿಯ ಸ್ಕ್ರೂಡ್ರೈವರು ಗುರ್ರೆನ್ನುತ್ತಿತ್ತು. ಆ ಸದ್ದಿಗೆ ಗಂಡ ಒಳಗೆ ಬಂದ. ಬಾಗಿಲಿಲ್ಲದ ಕಪಾಟುಗಳು ಅವನ ಕಣ್ಣಿಗೆ ಬೀಳಲಿಲ್ಲ.

"ಆಹಾ, ಚೆನ್ನಾಗಿದೆಯಲ್ಲ ಇದು! ಎಲ್ಲಿಂದ ತರಿಸಿದ್ರಿ?"

"ಆಫರ್‌ನಲ್ಲಿ ಸಿಕ್ತು ಸಾರ್."

ಅವನು ಜೇಬಿನಿಂದ ಫೋನು ತೆಗೆದ. "ಕಂಪನಿ ಹೆಸರು ಹೇಳಿ. ನಿಧಾನಕ್ಕೆ."

"ಭಾವ, ಅದು ಮೇಲೆ ಎರಡಿದೆ," ಎಂದ ಬಾಮೈದ, ಮೊದಲ ಬಾರಿಗೆ ಸಣ್ಣ ದನಿಯಲ್ಲಿ.

"ಇರಲಿ ಬಿಡೋ. ಅವು ಹಳೇವು."