ನಾಲ್ಕನೆಯವಳ ಮಾತು

ಮೂರನೆಯವಳನ್ನು ಸಾಯಿಸಿ ಮುಗಿಸುವಷ್ಟರಲ್ಲಿ ಕಿರುಚಕ್ಕನ ಗಂಟಲು ಒಣಗಿಹೋಗಿತ್ತು. ಡಬ್ಬಿಂಗ್ ಕೋಣೆಯ ಮೈಕಿನ ಮುಂದೆ ನಿಂತೇ ಫ್ಲಾಸ್ಕಿನಿಂದ ಎರಡು ಗುಟುಕು ಬಿಸಿನೀರು ಕುಡಿದಳು. ಸಿನಿಮಾಗಳಲ್ಲಿ ಸಾಯುವ ಹೆಂಗಸರಿಗೆಲ್ಲ ಕಿರುಚಿಕೊಡುವುದು ಅವಳ ಕಸುಬು. ಸ್ಟುಡಿಯೋದವರು ತಮಾಷೆಗೆ ಇಟ್ಟ ಹೆಸರೇ ನಿಂತುಬಿಟ್ಟಿತ್ತು. ಜ್ವರ ಬಂದಾಗಲೂ ಕಿರುಚಿದ್ದಾಳೆ, ಗಂಡ ತೀರಿಕೊಂಡ ತಿಂಗಳೂ ಕಿರುಚಿದ್ದಾಳೆ. ಆಡಲು ಒಂದು ಮಾತು ಮಾತ್ರ ಯಾರೂ ಕೊಟ್ಟಿರಲಿಲ್ಲ.

ಈ ಚಿತ್ರ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುವವನದು, ಅವನ ಬೆನ್ನು ಹತ್ತಿದ ಪೊಲೀಸ್ ಅಧಿಕಾರಿಯದು. "ನಾಲ್ಕನೆಯವಳಿಗೆ ಮಾತಿದೆ ಅಕ್ಕ, ನೀವೇ ಹೇಳ್ಬೇಕು" ಎಂದು ನಿರ್ದೇಶಕ ಫೋನ್ ಮಾಡಿದ್ದಕ್ಕೇ ಅವಳು ಬಂದದ್ದು. ಮಗಳಿಗೂ ಹೇಳಿಬಿಟ್ಟಿದ್ದಳು. ಮಗಳು ಆಸ್ಪತ್ರೆಯಲ್ಲಿ ನರ್ಸು. ಕಥೆಯ ನಾಲ್ಕನೆಯವಳೂ ನರ್ಸು. "ಅಂತೂ ಈ ಸಲ ಬಾಯಿ ಬಿಡ್ತೀಯಲ್ಲಮ್ಮ" ಎಂದು ಮಗಳು ನಕ್ಕಿದ್ದಳು.

ಪರದೆಯ ಮೇಲೆ ನಾಲ್ಕನೆಯವಳು ಬಂದಳು. ಡ್ಯೂಟಿ ಮುಗಿಸಿದ ಸುಸ್ತು ಮುಖ, ಹೆಗಲಲ್ಲಿ ಬ್ಯಾಗು. ಕೊಲೆಗಾರ ಅವಳನ್ನು ಅಡ್ಡಗಟ್ಟಿ, ಚಿಕ್ಕಂದಿನಲ್ಲಿ ತನಗಾದ ಅನ್ಯಾಯದ ಪುರಾಣ ಬಿಚ್ಚಿದ. ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಶುರುಮಾಡಿದ. ಅವನ ಕಣ್ಣೀರಿಗೆ ಪಿಟೀಲು ಬೇರೆ. ಕೊನೆಗೆ ಅವಳ ಮುಖ ಹತ್ತಿರಕ್ಕೆ ಬಂತು, ತುಟಿ ಅಲ್ಲಾಡಿತು. ಕಿರುಚಕ್ಕ ಮುಂದಿದ್ದ ಹಾಳೆ ನೋಡಿದಳು. 'ಕಿರುಚುತ್ತಾಳೆ' ಎಂದಷ್ಟೇ ಇತ್ತು.

"ಇವಳು ಏನೋ ಹೇಳ್ತಿದ್ದಾಳಲ್ಲ?"

ಗಾಜಿನಾಚೆ ಕೂತಿದ್ದ ನಿರ್ದೇಶಕನ ದನಿ ಹೆಡ್‌ಫೋನಿನಲ್ಲಿ ಬಂತು. "ಅದನ್ನ ತೆಗೆದ್ವಿ ಅಕ್ಕ. ಅಲ್ಲಿ ಮ್ಯೂಸಿಕ್ ಬರುತ್ತೆ. ಕೊನೇಲಿ ಒಂದು ಕಿರುಚಾಟ ಕೊಟ್ಬಿಡಿ. ಸ್ವಲ್ಪ ಇಂಪಾಗಿರ್ಲಿ."

ಇಂಪಾಗಿರಬೇಕಂತೆ. ಕಿರುಚಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಕೊಲ್ಲುವವನ ಗೋಳನ್ನೆಲ್ಲ ಊರು ಕೂತು ಕೇಳಬೇಕು, ದಿನವಿಡೀ ದುಡಿದು ಮನೆಗೆ ಹೊರಟವಳ ಒಂದು ಮಾತಿಗೆ ಪುರುಸೊತ್ತಿಲ್ಲ.

"ಸರಿ, ಹಾಕಿ" ಅಂದಳು.

ದೃಶ್ಯ ಮತ್ತೆ ಓಡಿತು. ತುಟಿ ಅಲ್ಲಾಡುತ್ತಲೇ ಕಿರುಚಕ್ಕ ಅದಕ್ಕೆ ಸರಿಯಾಗಿ ಮಾತು ಕೂರಿಸಿ, ದನಿ ಏರಿಸದೆ ಹೇಳಿದಳು: "ನಿಂಗೆ ನೋವಾಗಿದ್ರೆ ಕೊಟ್ಟವರನ್ನ ಹೋಗಿ ಕೇಳು. ನನ್ನನ್ನ ಯಾಕೋ ಕೇಳ್ತೀಯ? ದಾರಿ ಬಿಡು, ನಾನು ಮನೆಗೆ ಹೋಗ್ಬೇಕು." ಆಮೇಲೆ ಬಾಯಿ ಮುಚ್ಚಿದಳು. ಕಿರುಚಬೇಕಾದ ಜಾಗ ಖಾಲಿ ಹೋಯಿತು.

ನಿರ್ದೇಶಕ ತಲೆ ಕೆರೆದುಕೊಂಡ. "ಚೆನ್ನಾಗಿದೆ ಅಕ್ಕ, ಇಲ್ಲ ಅನ್ನಲ್ಲ. ಆದ್ರೆ ಇವಳು ಹೀಗೆ ಮಾತಾಡಿದ್ರೆ ಜನ ಅವನಿಗೆ ಹೆದರ್ತಾರಾ?"

"ಅವನಿಗೆ ಹೆದರ್ಲಿ ಅಂತ ಇವಳ ಬಾಯಿ ಹೊಲೀಬೇಕಾ? ಐದು ಜನ ಸಾಯ್ತಾರಲ್ಲಪ್ಪ ನಿನ್ನ ಸಿನಿಮಾದಲ್ಲಿ, ಒಬ್ಬಳಾದ್ರೂ ಒಂದು ಮಾತು ಪೂರ್ತಿ ಆಡ್ತಾಳಾ?"

"ನೋಡಿ, ನಂಗೆ ಕಿರುಚಾಟ ಬೇಕು. ಆಗಲ್ಲ ಅಂದ್ರೆ ಹೇಳ್ಬಿಡಿ."

"ಆಗಲ್ಲ."

ಹೆಡ್‌ಫೋನ್ ಕಳಚಿಟ್ಟು ಫ್ಲಾಸ್ಕು ಎತ್ತಿಕೊಂಡಳು. ಇನ್ನು ಈ ಸ್ಟುಡಿಯೋದಿಂದ ಕರೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದಾಗ ಅರ್ಧ ತೆರೆದ ಬಾಗಿಲಿನಿಂದ ನಿರ್ದೇಶಕ ಸೌಂಡ್ ಎಂಜಿನಿಯರಿಗೆ ಹೇಳುವುದು ಕೇಳಿಸಿತು: "ಹಳೇ ಸಿನಿಮಾದ ಕಿರುಚಾಟ ಯಾವುದಾದ್ರೂ ಇದ್ಯಾ ನೋಡಿ, ಅದನ್ನೇ ಅಂಟಿಸಿದ್ರಾಯ್ತು."

ಇತ್ತು. ಒಳಗಿನ ದೊಡ್ಡ ಸ್ಪೀಕರಿನಲ್ಲಿ ಹೆಣ್ಣುದನಿಯೊಂದು ಚೀರಿತು. ಎಳೆಯ ಗಂಟಲು. ಗುರುತು ಹಿಡಿಯಲು ಕಿರುಚಕ್ಕನಿಗೆ ಹೊತ್ತು ಬೇಕಾಗಲಿಲ್ಲ. ಬಸುರಿಯಾಗಿದ್ದಾಗ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಇದೇ ಕೋಣೆಯಲ್ಲಿ ನಿಂತು ಕಿರುಚಿದ್ದು ಅದು.

"ಇದೇ, ಇದೇ ಬೇಕಾಗಿದ್ದು" ಅಂದ ನಿರ್ದೇಶಕ. "ಇನ್ನೊಂದ್ಸಲ ಹಾಕಿ."

ಒಳಗೆ ಆ ಬಸುರಿ ಮತ್ತೆ ಚೀರಿದಳು. ಕಿರುಚಕ್ಕ ಒಂದೇ ಕಾಲಿಗೆ ಚಪ್ಪಲಿ ಇದ್ದ ಹಾಗೇ ಬಾಗಿಲು ನೂಕಿ, "ನಿಲ್ಸಿ ಅದನ್ನ" ಎನ್ನುತ್ತ ಒಳಗೆ ನಡೆದಳು.