ತಣ್ಣಗೆ ಕೊಂದ ಹುಳಗಳು

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬಿಸಿಲು ಬಂದಿದ್ದರೂ ಕಿಟಕಿಯ ಗಾಜು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಅಂಥ ಒಂದು ಬೆಳಿಗ್ಗೆ, ಪ್ರಯೋಗಾಲಯದ ಕಸ ಗುಡಿಸಿ ಮುಗಿದಿರದ ಹೊತ್ತಿನಲ್ಲಿ, ಸಸಿ ಮಾರುವವನು ಬಕೆಟ್ ತುಂಬ ಬೇರು ತಂದು ಮೆಟ್ಟಿಲ ಮೇಲೆ ಕುಕ್ಕಿದ. ಎಲ್ಲ ಶುರುವಾದದ್ದು ಅಲ್ಲಿಂದ.

ಬೇರಿನ ಮೈತುಂಬ ಕಂದು ಗಾಯ. ಗಾಯ ಮಾಡುವುದು ಬೇರಿನೊಳಗೇ ಇದ್ದು ತಿನ್ನುವ ಒಂದು ಹುಳ. ನೂಲಿನ ಎಳೆಗಿಂತ ಸಣ್ಣದು, ಬರಿಗಣ್ಣಿಗೆ ಕಾಣುವುದಿಲ್ಲ. ಅದರಲ್ಲಿ ಎರಡು ಬಗೆ. ಒಂದು ಎಲ್ಲ ತೋಟಗಳಲ್ಲೂ ಇರುವ ಸಾಮಾನ್ಯ ಹುಳ. ಗಿಡವನ್ನು ಸೊರಗಿಸುತ್ತದೆ, ಕೊಲ್ಲುವುದಿಲ್ಲ. ಇನ್ನೊಂದು ಅದರ ದಾಯಾದಿ, ಸರ್ಕಾರ ನಿಷೇಧಿಸಿದ ಹುಳ. ಅದು ಸಿಕ್ಕಿದರೆ ಸಸಿಗಳನ್ನೆಲ್ಲ ಬೇರುಸಹಿತ ಸುಡಬೇಕು. ನೋಡಲು ಎರಡೂ ಒಂದೇ ತಾಯಿಯ ಮಕ್ಕಳ ಹಾಗೆ.

ಇಂಥ ಹುಳ ಯಾವುದೆಂದು ಹೇಳುವವಳು ದೊಡ್ಡವಳು. ಮನೆಗೆ ಹಿರಿಯ ಸೊಸೆಯಾದ್ದರಿಂದ ಮನೆಯಲ್ಲಿ ಆ ಹೆಸರು. ಪ್ರಯೋಗಾಲಯಕ್ಕೆ ಬರುವವರು ಅಳತೆಯಮ್ಮ ಎನ್ನುತ್ತಿದ್ದರು. ಸೂಕ್ಷ್ಮದರ್ಶಕದ ಕೆಳಗೆ ಹುಳದ ಉದ್ದ, ಸೊಂಟದ ಅಗಲ, ಬೇರು ಚುಚ್ಚುವ ಬಾಯಿಸೂಜಿ, ಬಾಲ, ಎಲ್ಲ ಅಳೆದು ಅವಳು ಒಂದು ಮಾತು ಹೇಳಿದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಮದುವೆಯಾದ ವರ್ಷದಿಂದ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂತಿರಲಿಲ್ಲ.

"ಅಳತೆಯಮ್ಮಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ನೋಡಿ ಒಂದು ಒಳ್ಳೇ ಮಾತು ಹೇಳಿ" ಎಂದ ಸಸಿಯವನು.

"ಒಳ್ಳೇದು ಕೆಟ್ಟದ್ದು ನನ್ನ ಕೈಲಿಲ್ಲಪ್ಪ, ಹುಳದ ಬಾಲದಲ್ಲಿದೆ" ಎಂದಳು ಅವಳು. ಅವನು ಅಳುವ ಮುಖದಲ್ಲೇ ನಕ್ಕ.

ಅಷ್ಟು ಹೊತ್ತಿಗೆ ಮುಖ್ಯಸ್ಥರು ಒಳಗಿಂದ ಬಂದರು. ಬಕೆಟ್ಟಿಗೆ ಬಗ್ಗಿ ನೋಡಿ, "ಈ ಸಲ ಇಬ್ಬರೂ ನೋಡಿ. ನೀವು ಅಳೆಯಿರಿ, ಅವರು ಡಿಎನ್‌ಎ ಓದಲಿ. ಎರಡೂ ತಾಳೆಯಾದ ಮೇಲೆ ವರದಿ ಬರೆಯೋಣ" ಎಂದರು.

ಅವರು ಎಂದರೆ ಚಿಕ್ಕವಳು. ದೊಡ್ಡವಳ ಮೈದುನನ ಹೆಂಡತಿ. ಮದುವೆಯಾಗಿ ಅದೇ ಮನೆಗೆ ಬಂದಳು, ಕೆಲಸ ಸಿಕ್ಕಿ ಇದೇ ಪ್ರಯೋಗಾಲಯಕ್ಕೂ ಬಂದಳು. ಎದುರು ಕೋಣೆ ಅವಳದು. ಒಂದು ಹುಳವನ್ನು ಹನಿ ನೀರಲ್ಲಿ ಅರೆದು ಯಂತ್ರಕ್ಕೆ ಕೊಟ್ಟರೆ, ಅದು ಯಾವ ಕುಲದ್ದೆಂದು ಯಂತ್ರದಿಂದ ಅಕ್ಷರ ಅಕ್ಷರವಾಗಿ ಹೊರಬರುತ್ತಿತ್ತು. ಮನೆಯಲ್ಲಿ ಅತ್ತೆಗೆ ಅದೇ ಮಾತು. "ನಮ್ಮ ಚಿಕ್ಕವಳು ಹುಳದ ಜಾತಕಾನೇ ಓದ್ತಾಳೆ ಕಣ್ರೀ" ಎಂದು ಪಕ್ಕದ ಮನೆಯವರಿಗೆ ಗೋಡೆಯಾಚೆಗೆ ಹೇಳುವಳು. ದೊಡ್ಡವಳು ಅಲ್ಲೇ ಬಟ್ಟೆ ಹಿಂಡುತ್ತಿದ್ದರೆ, "ಇವಳೂ ಏನೋ ಉದ್ದ ಅಗಲ ನೋಡ್ತಾಳೆ, ದರ್ಜಿಯವರ ಹಾಗೆ" ಎಂದು ಸೇರಿಸುವಳು. ಪಕ್ಕದ ಮನೆಯವಳು ಕಿಸಕ್ಕೆಂದು ನಗುವಳು. ದೊಡ್ಡವಳು ಆ ಬಟ್ಟೆಯನ್ನು ಹರಿಯುವಷ್ಟು ಹಿಂಡುವಳು.

ಅವಳಿಗೆ ಉರಿಯುತ್ತಿದ್ದದ್ದು ಹೊಗಳಿಕೆಗಲ್ಲ. ಚಿಕ್ಕವಳಿಗೆ ಅದು ತಾಗುವುದೇ ಇಲ್ಲವಲ್ಲ, ಅದಕ್ಕೆ. "ಅಯ್ಯೋ ಅತ್ತೆ, ಅಕ್ಕ ಹುಳ ಆರಿಸಿ ಕೊಡದಿದ್ದರೆ ನಾನೇನು ಓದಲಿ" ಎಂದು ಅವಳು ಹೇಳಿಬಿಡುತ್ತಿದ್ದಳು. ಮುಖ ನೋಡಿದರೆ ಮಾತು ನಿಜ. ಬೈಯಲು ಒಂದು ಎಳೆ ಸಿಗುತ್ತಿರಲಿಲ್ಲ.

ಆ ದಿನ ದೊಡ್ಡವಳು ಬೇರು ಕತ್ತರಿಸಿ, ಜರಡಿಯ ಮೇಲೆ ಹರಡಿ, ನೀರಿಗಿಟ್ಟು ಹುಳ ಇಳಿಸಿದಳು. ನಿಯಮ ಏನೆಂದರೆ, ಹುಳವನ್ನು ಮೊದಲು ಬಿಸಿನೀರು ತೋರಿಸಿ ಕೊಲ್ಲಬೇಕು. ಆಗ ಅದು ಮೈ ಸಡಿಲಿಸಿ ನೇರವಾಗಿ ಮಲಗುತ್ತದೆ. ಆಮೇಲೆ ಕೊಳೆಯದ ಹಾಗೆ ಕಾಯುವ ಫಾರ್ಮಲಿನ್ ದ್ರಾವಣ. ತಣ್ಣಗಿದ್ದ ಹುಳದ ಮೇಲೆ ನೇರ ಫಾರ್ಮಲಿನ್ ಹಾಕಿದರೆ ಅದು ಮುದುಡಿಕೊಂಡು ಸಾಯುತ್ತದೆ. ಮೈಯೂ ಬಾಲವೂ ಗಿಡ್ಡವಾಗುತ್ತವೆ. ಇದು ಅವಳಿಗೆ ನಿದ್ದೆಯಲ್ಲೂ ಗೊತ್ತಿದ್ದ ಮಾತು.

ಆದರೆ ಎದುರು ಕೋಣೆಯಿಂದ ಚಪ್ಪಲಿ ಸದ್ದು ಕೇಳಿಸಿತು. "ಅಕ್ಕಾ, ಜೀವ ಇರೋ ಹುಳ ಸ್ವಲ್ಪ ನನಗೂ ಇಡ್ತೀರಾ?" ಎಂದು ದನಿ ಬಂತು. ದೊಡ್ಡವಳು ನೀರು ಕಾಯುತ್ತಿದ್ದ ಒಲೆಯ ಕಡೆ ನೋಡಲಿಲ್ಲ. ಕೈಗೆ ಸಿಕ್ಕ ಸೀಸೆ ಎತ್ತಿ, ಬಟ್ಟಲಿಗೆ ಪೂರ್ತಿ ಫಾರ್ಮಲಿನ್ ಸುರಿದಳು. ಒಂದೂ ಬದುಕಿರಬಾರದು, ಒಂದೂ ಅವಳಿಗೆ ಸಿಗಬಾರದು, ಅಷ್ಟೇ ಆ ಕ್ಷಣದ ಯೋಚನೆ. ಫಾರ್ಮಲಿನ್ ಕುಡಿದ ಹುಳದ ಡಿಎನ್‌ಎ ಬಾಯಿ ಬಿಡುವುದಿಲ್ಲ.

ಆಮೇಲೆ ಅವುಗಳಲ್ಲೇ ಕೆಲವನ್ನು ಎತ್ತಿ ನೀರಿನ ಹನಿಗೆ ಹಾಕಿ ಕೊಟ್ಟಳು. "ತಗೋ. ಸಪ್ಪಗಿವೆ, ಇದ್ದದ್ದು ಇಷ್ಟೇ."

"ಇಷ್ಟು ಸಾಕು ಅಕ್ಕ" ಎಂದು ಚಿಕ್ಕವಳು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದಳು.

ದೊಡ್ಡವಳು ಅಳೆದಳು. ಬಾಯಿಸೂಜಿಯ ಅಳತೆ ಎರಡು ಬಗೆಗೂ ಹೊಂದುವ ಹಾಗಿತ್ತು. ಬಾಲ ಗಿಡ್ಡ, ಮೈ ಗಿಡ್ಡ. ಅದು ನಿಷೇಧಿತ ಹುಳದ ಅಳತೆ. ಸಂಜೆಗೆ ಮುಖ್ಯಸ್ಥರಿಗೆ ಹೇಳಿಯೂ ಬಿಟ್ಟಳು. ಚಿಕ್ಕವಳ ಯಂತ್ರ ಮಾತ್ರ ಮೂಕವಾಗಿತ್ತು. ಅವಳು ಮತ್ತೆ ಹಾಕಿದಳು, ನಳಿಗೆ ತೊಳೆದು ಮತ್ತೆ ಹಾಕಿದಳು. ಒಂದು ಅಕ್ಷರ ಬರಲಿಲ್ಲ.

"ಸೋಮವಾರ ಸುಡಿಸೋಣ. ಡಿಎನ್‌ಎ ಬರದಿದ್ದರೂ ಅಳತೆ ಸ್ಪಷ್ಟ ಇದೆಯಲ್ಲ" ಎಂದರು ಮುಖ್ಯಸ್ಥರು.

ಮನೆಯಲ್ಲಿ ಮೈದುನ ಹೆಂಡತಿಯನ್ನು ಕಿಚಾಯಿಸಿದ. "ಏನೇ, ನಿನ್ನ ಜಾತಕ ಓದೋ ಯಂತ್ರಕ್ಕೆ ಅಕ್ಷರ ಮರೆತುಹೋಯ್ತಂತೆ?" ಅತ್ತೆಯ ಮುಖ ಸಣ್ಣದಾಯಿತು. ದೊಡ್ಡವಳಿಗೆ ಆ ರಾತ್ರಿಯ ಊಟ ಬಹಳ ದಿನಗಳ ಮೇಲೆ ರುಚಿಸಿತು. ಕೇಳದೇ ಎಲ್ಲರಿಗೂ ಎರಡನೆಯ ಸಲ ಬಡಿಸಿದಳು.

ಮರುದಿನ ಚಿಕ್ಕವಳು ಬೇಗ ಎದ್ದು ಎಲ್ಲಿಗೋ ಹೋದಳು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲವರೆಗೆ ಮಣ್ಣು ಮಾಡಿಕೊಂಡು ಬಂದು, ಸಸಿಯವನ ತೋಟದಲ್ಲಿ ತಾನೇ ಅಗೆದು ತಂದ ಬೇರು ತೊಳೆದು, ಹುಳ ಇಳಿಸಿದಳು. ಈ ಸಲ ಯಂತ್ರ ಮಾತಾಡಿತು. ಸಾಮಾನ್ಯ ಹುಳ. ಸುಡುವ ಅಗತ್ಯವೇ ಇಲ್ಲ.

ಶನಿವಾರ ಅವಳು ಆ ಕಾಗದ ಹಿಡಿದು ನೇರ ಮುಖ್ಯಸ್ಥರ ಹತ್ತಿರ ಹೋಗಲಿಲ್ಲ, ಅಳತೆಯ ಕೋಣೆಗೆ ಬಂದಳು. ಗಾಜಿನ ಬಟ್ಟಲೊಂದನ್ನು ಮುಂದಿಟ್ಟಳು. "ಅಕ್ಕಾ, ನಿಮ್ಮದೂ ನನ್ನದೂ ಹೊಂದ್ತಾ ಇಲ್ಲ. ನಾನೆಲ್ಲೋ ತಪ್ಪಿರಬೇಕು. ನೀವೇ ಇನ್ನೊಂದು ಸಲ ಅಳೀತೀರಾ? ಇವು ಬದುಕಿವೆ."

ದೊಡ್ಡವಳು ಬಿಸಿನೀರು ತೋರಿಸಿ ಅಳೆದಳು. ಹುಳ ನೇರವಾಗಿ ಮಲಗಿತ್ತು. ಬಾಲ ಉದ್ದವಾಗಿತ್ತು. ಅವಳಿಗೆ ಕುರ್ಚಿ ಜಾರಿದ ಹಾಗಾಯಿತು. ಮೊದಲ ದಿನದ ಹುಳಗಳನ್ನು ತಾನು ಮುದುಡಿಸಿದ್ದು, ಮುದುಡಿದ್ದನ್ನೇ ಅಳೆದದ್ದು, ಅದರ ಮೇಲೆ ಒಬ್ಬನ ಸಸಿಗಳಿಗೆ ಬೆಂಕಿ ಬರೆದದ್ದು, ಎಲ್ಲ ಈಗ ಹೊಳೆಯಿತು. ಅವಳು ಅವಸರದಲ್ಲಿ ಮಾಡಿದ್ದು ಎರಡು ಕೆಲಸ. ಹುಳ ಚಿಕ್ಕವಳಿಗೆ ಸಿಗದಂತೆ ಮಾಡಿದ್ದು ಬೇಕೆಂದೇ, ತನ್ನ ಅಳತೆಯನ್ನೇ ಕೆಡಿಸಿಕೊಂಡದ್ದು ಮೈಮರೆತು.

"ನಾನು ಕೊಟ್ಟ ಹುಳದಲ್ಲಿ ಯಾಕೆ ಬರಲಿಲ್ಲ ಅಂತ ಯೋಚನೆ ಮಾಡಲಿಲ್ವಾ?" ಎಂದು ಕೇಳಿದಳು, ತಲೆ ಎತ್ತದೆ.

ಚಿಕ್ಕವಳು ಬಟ್ಟಲನ್ನು ಬದಿಗೆ ಸರಿಸಿದಳು. "ಹನಿ ಮೂಗಿನ ಹತ್ತಿರ ಹಿಡಿದಾಗಲೇ ಫಾರ್ಮಲಿನ್ ವಾಸನೆ ಬಂತು ಅಕ್ಕ. ಆದ್ರೂ ಬಂದೀತೇನೋ ಅಂತ ಮತ್ತೆ ಮತ್ತೆ ಹಾಕಿದೆ."

"ಗೊತ್ತಿದ್ದೂ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಈ ಕುರ್ಚಿಯಿಂದ ಏಳಿಸ್ತಿದ್ರು. ಆಮೇಲೆ ಒಂದೇ ಮನೇಲಿ ನಿಮ್ಮ ಮುಖ ಹೇಗೆ ನೋಡ್ಲಿ? ಹುಳ ಕೆಟ್ಟಿತ್ತು ಅಂದುಬಿಡೋಣ. ಇಬ್ಬರೂ ಸೇರಿ ತಿದ್ದಿದ್ವಿ ಅಂತ ಬರೆಯೋಣ. ಯಾರಿಗೆ ಗೊತ್ತಾಗುತ್ತೆ?"

ದೊಡ್ಡವಳು ಅವಳ ಮುಖ ನೋಡಿದಳು. ಕೊಂಕಿಲ್ಲ, ಗೆದ್ದ ಕಳೆಯಿಲ್ಲ. ಅಷ್ಟು ಹೊತ್ತು ಹೊಟ್ಟೆಯಲ್ಲಿದ್ದ ಕಿಚ್ಚು ಈಗ ನೆತ್ತಿಗೇರಿತು. ಕೈಚಳಕದಲ್ಲಿ ಮುಂದೆ, ಅತ್ತೆಯ ಬಾಯಲ್ಲಿ ಮುಂದೆ, ಇನ್ನು ಒಳ್ಳೆತನದಲ್ಲೂ ಇವಳೇ ಮುಂದೆಯೆ? ಇವಳು ಬಿಟ್ಟುಕೊಟ್ಟ ಕುರ್ಚಿಯಲ್ಲಿ ತಾನು ಜೀವಮಾನವಿಡೀ ಕೂರಬೇಕೆ? ಆ ಋಣ ಹೊರುವುದಕ್ಕಿಂತ ಬೀದಿ ವಾಸಿ ಎನಿಸಿತು.

ಅವಳು ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಮುಖ್ಯಸ್ಥರ ಕೋಣೆಗೆ ನಡೆದಳು. ಚಿಕ್ಕವಳು "ಅಕ್ಕಾ, ಬೇಡ" ಎನ್ನುತ್ತ ಬಾಗಿಲವರೆಗೆ ಬಂದಳು.

"ನಾನು ಹುಳಗಳನ್ನ ತಣ್ಣಗೆ ಕೊಂದೆ. ಅವು ಕುಗ್ಗಿದವು, ನನ್ನ ಅಳತೆ ಸುಳ್ಳು" ಎಂದಳು ದೊಡ್ಡವಳು. "ಅವಳಿಗೆ ಸಿಗದಿರಲಿ ಅಂತ ಬೇಕಂತಲೇ ಸುರಿದೆ. ಸತ್ತ ಹುಳಾನೇ ಅವಳಿಗೆ ಕೊಟ್ಟೆ. ಅವಳು ಓದಿದ್ದು ಸರಿ. ಸಸಿ ಸುಡಬೇಡಿ."

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ವರ್ಷ ಇದ್ದವರು. ಯಾಕಮ್ಮಾ?"

"ಹೊಟ್ಟೆಕಿಚ್ಚು ಸಾರ್. ಬೇರೆ ಹೆಸರಿಲ್ಲ ಅದಕ್ಕೆ."

ಅವರು ಮೊದಲು ಸಸಿಯವನಿಗೆ ಫೋನ್ ಮಾಡಿದರು. ಆಚೆಯಿಂದ ಅವನು ಅಳುವುದೂ ನಗುವುದೂ ಕೋಣೆಯಿಡೀ ಕೇಳಿಸಿತು. ಆಮೇಲೆ ದೊಡ್ಡವಳ ಕಡೆ ತಿರುಗಿ, ಕೆಲಸದಿಂದ ತೆಗೆಯುವುದಿಲ್ಲ, ಆದರೆ ಇಲ್ಲಿ ಇರಿಸಿಕೊಳ್ಳಲೂ ಆಗುವುದಿಲ್ಲ ಎಂದರು. ಬಂದರಿನ ತಪಾಸಣಾ ಕೇಂದ್ರದಲ್ಲಿ ಹಡಗಿನಿಂದಿಳಿದ ಗಿಡಗಳ ಬೇರು ತೊಳೆಯುವ ಕೆಲಸ ಖಾಲಿಯಿತ್ತು. ಅಳತೆಯನ್ನು ಸದ್ಯಕ್ಕೆ ಚಿಕ್ಕವಳೇ ನೋಡಿಕೊಳ್ಳಲಿ ಎಂದೂ ಹೇಳಿದರು. ಆ ಕೊನೆಯ ಮಾತು ಮುಗಿಯುವ ಮೊದಲೇ ದೊಡ್ಡವಳು ಬಾಗಿಲ ಕಡೆ ತಿರುಗಿದ್ದಳು.

ಮನೆಯಲ್ಲಿ ಅತ್ತೆ ಒಂದು ದಿನ ತಾನೇ ಬಡಿಸಿಕೊಂಡು ಉಂಡಳು. ಎರಡನೆಯ ದಿನ, "ಅವಳೇನು ನಿನ್ನ ಬಾಯಿಂದ ತುತ್ತು ಕಿತ್ತುಕೊಂಡಿದ್ಲೇನೇ?" ಎಂದಳು.

"ಅವಳಲ್ಲ ಅತ್ತೆ, ನೀವು" ಎಂದಳು ದೊಡ್ಡವಳು. ಅತ್ತೆ ಎದ್ದು ಒಳಗೆ ಹೋದಳು.

ಹೊರಡುವ ಮುಂಚೆ ಚಿಕ್ಕವಳು ಅಡುಗೆಮನೆಗೆ ಬಂದು, "ಗಂಡು ಹುಳದ ಬಾಲ ಎಲ್ಲಿಂದ ಅಳೆಯೋದು ಅಕ್ಕ? ನನಗೆ ಸರಿಯಾಗಿ ಬರಲ್ಲ" ಎಂದು ಕೇಳಿದಳು. ಹೇಳಿಕೊಡದಿರಲು ದೊಡ್ಡವಳಿಗೆ ಬಹಳ ಮನಸ್ಸಾಯಿತು. ಆದರೂ ಹೇಳಿಕೊಟ್ಟಳು, ಒಂದೇ ಸಲ, ಬೇಗ ಬೇಗ, ಪಾತ್ರೆ ಉಜ್ಜುವುದನ್ನು ನಿಲ್ಲಿಸದೆ.

ಬುಧವಾರ ಬೆಳಿಗ್ಗೆ ಅವಳು ಗಂಡನ ಜೊತೆ ಬಂದರಿನ ಬಸ್ಸು ಹತ್ತಿದಳು.