ಇನ್ನೊಂದಿಷ್ಟು ಬೇಯಲಿ

ಫೋರ್ಕಿನಿಂದ ಚುಚ್ಚಿ ನೋಡಿದಳು. ಮಾಂಸ ಸರಿಯಾಗಿ ಬೆಂದಿತ್ತು. ಉಪ್ಪಿನಲ್ಲಿ ನೆನೆಸಿಟ್ಟ ಇಡೀ ಹಂದಿತೊಡೆಯನ್ನು ಬೇಯಿಸುವುದರಲ್ಲಿ ಅವಳನ್ನು ಮೀರಿಸುವವರು ಆ ಮನೆತನದಲ್ಲಿರಲಿಲ್ಲ; ಒಲೆ ಆರಿಸಬೇಕಾದ ಗಳಿಗೆ ಅವಳ ಮೂಗಿಗೇ ಗೊತ್ತಾಗುತ್ತಿತ್ತು. ಆದರೂ ಪಾತ್ರೆಗೆ ಇನ್ನಷ್ಟು ಬಿಸಿನೀರು ಸುರಿದು ಮುಚ್ಚಳ ಮುಚ್ಚಿದಳು.

"ಇನ್ನೂ ಆಗಿಲ್ವಾ?" ಗಂಡ ಬಾಗಿಲಲ್ಲಿ ನಿಂತಿದ್ದ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು.

"ಗಟ್ಟಿ ಇದೆ. ಇನ್ನೊಂದಿಷ್ಟು ಬೇಯಲಿ."

"ವಾಸನೆ ನೋಡಿದ್ರೆ ಆದಂಗಿದೆ."

"ಅಡುಗೆ ನಾನು ನೋಡ್ಕೋತೀನಿ. ನೀವು ಹೋಗಿ ಕುರ್ಚಿ ಜೋಡಿಸಿ."

ಅವನು ಹೋದ. ಅವನು ಕ್ಷೌರದವನು. ಬೀದಿಯ ಅರ್ಧ ಗಂಡಸರ ಗಂಟಲ ಮೇಲೆ ಕತ್ತಿ ಆಡಿಸಿಯೂ ಒಬ್ಬರಿಗೂ ಗೀರು ಬೀಳಿಸದ ಕೈ ಅದು. ಈಚೆಗೆ ಕುತ್ತಿಗೆ ನೋವೆಂದು ಮಧ್ಯಾಹ್ನವೇ ಅಂಗಡಿ ಮುಚ್ಚಿ ಬರುತ್ತಿದ್ದ. ನೋವು ಕುತ್ತಿಗೆಯದಲ್ಲ ಎಂಬುದು ಒಂದು ದಿನ ಕಿಟಕಿಯಿಂದ ನೋಡಿದಾಗ ಅವಳಿಗೆ ತಿಳಿಯಿತು. ಹಿತ್ತಲಲ್ಲಿ ಕನ್ನಡಿ ಇಟ್ಟುಕೊಂಡು ಕತ್ತಿಯನ್ನು ತನ್ನದೇ ಕೆನ್ನೆಯ ಹತ್ತಿರ ತರುತ್ತಿದ್ದ, ಇಳಿಸುತ್ತಿದ್ದ, ಮತ್ತೆ ತರುತ್ತಿದ್ದ. ಕೊನೆಗೆ ಎಡಗೈಯಲ್ಲಿ ಬಲಗೈಯನ್ನು ಅದುಮಿ ಹಿಡಿದು ಸುಮ್ಮನೆ ಕೂತುಬಿಟ್ಟ. ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಇವತ್ತು ಮಗ, ಸೊಸೆ, ನಾದಿನಿ ಊಟಕ್ಕೆ ಬಂದಿದ್ದರು. ತೊಡೆಯನ್ನು ಎಲ್ಲರೆದುರು ಮೇಜಿನ ಮೇಲಿಟ್ಟು ತೆಳುವಾಗಿ ಹೆಚ್ಚುವುದು ಮೊದಲಿನಿಂದಲೂ ಅವನ ಕೆಲಸ. "ನಮ್ಮಣ್ಣ ಹೆಚ್ಚಿದ ಚೂರಿನ ಆಚೆಯಿಂದ ಪೇಪರ್ ಓದಬಹುದು" ಎಂದು ನಾದಿನಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದವಳು. ಬೆನ್ನ ಹಿಂದೆ ಮನೆಮಂದಿಯೆಲ್ಲ ಅವಳನ್ನು ರೇಡಿಯೋ ಎನ್ನುತ್ತಿದ್ದರು. ಅವಳ ಕಣ್ಣಿಗೆ ಆ ಕೈ ಬಿದ್ದರೆ ನಾಳೆಯೇ ಅಂಗಡಿಯ ಕುರ್ಚಿ ಖಾಲಿ. ಅಡುಗೆಮನೆಯಲ್ಲೇ ಹೆಚ್ಚಿ ತರೋಣವೆಂದರೆ, ಇವಳಿಗೆ ಗೊತ್ತಾಗಿದೆ ಎಂದು ಅವನಿಗೆ ತಿಳಿದುಬಿಡುತ್ತದೆ. ಉಳಿದದ್ದು ಇದೊಂದೇ ದಾರಿ, ಕತ್ತಿಯೇ ಬೇಡವಾಗುವಷ್ಟು ಬೇಯಿಸುವುದು.

ಇಳಿಸಿ ತೊಗಲು ಸುಲಿಯುವಾಗ ತೊಡೆ ಅಲ್ಲಲ್ಲೇ ಬಿರಿಯಿತು. ಕೊಬ್ಬಿನ ಮೇಲೆ ಚೌಕಚೌಕವಾಗಿ ಗೀರು ಹಾಕಲು ಹೋದರೆ ಗೀರು ನಿಲ್ಲಲಿಲ್ಲ, ಚುಚ್ಚಿದ ಲವಂಗ ಒಳಗೇ ಮುಳುಗಿತು. ಕಂದು ಸಕ್ಕರೆ, ಸಾಸಿವೆ, ಕಿತ್ತಳೆ ರಸ ಕುದಿಸಿದ ಪಾಕವನ್ನು ಬ್ರಷ್ಷಿನಿಂದ ಬಳಿಯುವಂತಿರಲಿಲ್ಲ. ಚಮಚದಲ್ಲಿ ಹನಿಹನಿಯಾಗಿ ಬಿಟ್ಟಳು. ಓವನ್ನಿನ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಣ್ಣು ಕೀಳದೆ ನೋಡಿದಳು. ಪಾಕ ಹೊಳಪು ಬರಬೇಕು, ಸೀಯಬಾರದು. ಮೇಜು ಮುಟ್ಟುವವರೆಗಾದರೂ ಮಾಂಸ ಕುಸಿಯಬಾರದು.

ತಟ್ಟೆ ಮೇಜಿಗೆ ಬಂದಾಗ ತೊಡೆ ಮಿರಮಿರ ಮಿಂಚುತ್ತಿತ್ತು. ಮಗ ಕತ್ತಿಯನ್ನು ಅಪ್ಪನ ಕಡೆ ಸರಿಸಿದ. "ಶುರು ಮಾಡಪ್ಪ."

ಜೇಬಿನ ಕೈ ಹೊರಗೆ ಬರಲಿಲ್ಲ. ಅವಳು ತಡಮಾಡದೆ ದೊಡ್ಡ ಚಮಚವನ್ನು ಮಾಂಸಕ್ಕೆ ಇಳಿಸಿದಳು. "ಕತ್ತಿ ಬೇಡ ಬಿಡು. ಈ ಸಲ ಜಾಸ್ತಿ ಬೆಂದ್ಹೋಗಿದೆ." ಮೂಳೆ ತಾನಾಗಿ ಕಳಚಿ ಬಂತು. ಹೊಳೆಯುವ ಮೇಲ್ಪದರ ಒಳಗೆ ಕುಸಿಯಿತು.

"ಇದೇನು ಅತ್ತಿಗೆ, ಹಲ್ಲಿಲ್ಲದವರಿಗೆ ಮಾಡಿದಂಗಿದೆ," ಎಂದಳು ನಾದಿನಿ. "ಇಷ್ಟು ವರ್ಷದ ಕೈಗುಣ ಎಲ್ಲಿಗೆ ಹೋಯ್ತು?"

"ಒಲೆ ಮೇಲಿಟ್ಟಿದ್ದೇ ಮರೆತುಬಿಟ್ಟೆ."

ನಾದಿನಿಯ ನಗು ನಿಂತಿತು. ಅಣ್ಣನ ಮಗನ ಕಡೆ ಬಾಗಿದಳು. "ಡಾಕ್ಟರಿಗೆ ತೋರಿಸೋ ನಿಮ್ಮಮ್ಮನ್ನ. ಇವತ್ತು ಒಲೆ ಮರೆತ್ರು, ನಾಳೆ ಮನೆ ದಾರಿ ಮರೀತಾರೆ."

"ಅಮ್ಮ, ನಿಜವಾಗ್ಲೂ ಮರೆತ್ಯಾ?" ಮಗನ ಮುಖ ಸಣ್ಣದಾಗಿತ್ತು.

"ಹೂಂ," ಎಂದಳು. ಹೀಗಾಗಬಹುದೆಂದು ಅವಳು ಯೋಚಿಸಿಯೇ ಇರಲಿಲ್ಲ. ಮಾತು ಹಿಂತೆಗೆದುಕೊಳ್ಳುವಂತೆಯೂ ಇರಲಿಲ್ಲ.

"ಅವಳೇನೂ ಮರೆತಿಲ್ಲ," ಎಂದ ಗಂಡ. ಅವಳು ತಲೆ ಎತ್ತಿದಳು. ಅವನು ಅವಳನ್ನು ನೋಡದೆ ಜೇಬಿನಿಂದ ಕೈ ತೆಗೆದು ಬಿಳಿ ಮೇಜುಬಟ್ಟೆಯ ಮೇಲಿಟ್ಟ. ಬೆರಳುಗಳು ಬಟ್ಟೆಯ ಮೇಲೆ ನಿಲ್ಲದೆ ಅದುರಿದವು. "ನನಗೆ ಹೇಳೋಕೆ ಬಾಯಿ ಬರ್ಲಿಲ್ಲ. ಅದಕ್ಕೆ ಅವಳು ಇದನ್ನ ಹೀಗೆ ಬೇಯಿಸಿದಾಳೆ."

ನಾದಿನಿ ಆ ಕೈಯನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ಅಣ್ಣನ ತಟ್ಟೆಗೆ ಮಾಂಸ ಬಡಿಸಿ, ತಳದಲ್ಲಿ ಉಳಿದಿದ್ದ ಪಾಕವನ್ನು ಬಳಿದು ಮೇಲೆ ಹಾಕಿದಳು.

"ತಿನ್ನಣ್ಣ. ಆರಿಹೋಗುತ್ತೆ."

ಅವನು ಚಮಚ ಎತ್ತಿಕೊಂಡ. ಅದು ತಟ್ಟೆಯ ಅಂಚಿಗೆ ಟಣಟಣ ಬಡಿಯಿತು. ಬಾಯಿ ತಲುಪುವಷ್ಟರಲ್ಲಿ ಅರ್ಧ ಮಾಂಸ ಮೇಜಿನ ಮೇಲೆ ಬಿತ್ತು. ಒರೆಸಲು ಯಾರೂ ಏಳಲಿಲ್ಲ. ಅವಳು ಏಪ್ರನ್ ಬಿಚ್ಚಿ, ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು. ಕಂದು ಪಾಕ ಬಿಳಿ ಬಟ್ಟೆಯಲ್ಲಿ ನಿಧಾನವಾಗಿ ಹರಡುತ್ತಿತ್ತು.